ರಾತ್ರಿ ಸೋರಿದ ಕರೆಂಟು

ಕೀಲಿ ತಿರುಗಿಸಿದರೆ ಕಾರು ಹಲ್ಲಿಯಂತೆ ಲೊಚಗುಟ್ಟಿ ಸುಮ್ಮನಾಯಿತು. ಡ್ರೈವಿಂಗ್ ಮೇಡಂ ಸ್ಟೀರಿಂಗಿಗೆ ಒಂದು ಗುದ್ದಿದಳು. ಇನ್ನು ಸ್ವಲ್ಪ ಹೊತ್ತಿಗೆ ಅವಳ ಶಿಷ್ಯೆ, ಮೂಲೆಮನೆಯ ದರ್ಜಿ ಹೆಂಗಸು, ಇದೇ ಕಾರಿನಲ್ಲಿ ಲೈಸೆನ್ಸ್ ಪರೀಕ್ಷೆ ಕೊಡಬೇಕಿತ್ತು. ಹೋದ ಸಲವೂ ಕಾರು ಹೀಗೇ ಕೈಕೊಟ್ಟಿತ್ತು. ಈ ಸಲವೂ ತಪ್ಪಿದರೆ ಮೇಡಂ ಹತ್ತಿರ ಕಲಿಯಲು ಕಾಗೆಯೂ ಬರುವುದಿಲ್ಲ.

ಗಂಡ ಆಟೋ ಎಲೆಕ್ಟ್ರಿಷಿಯನ್. ಮನೆಯ ಮುಂದೆಯೇ ಅಂಗಡಿ. ಊರ ಕಾರುಗಳ ನಾಡಿ ಹಿಡಿದು ರೋಗ ಹೇಳುವವನು, ಹೆಂಡತಿಯ ಕಾರಿಗೆ ಮಾತ್ರ ಒಂದೇ ರಾಗ: ಆಲ್ಟರ್ನೇಟರ್ ಹೋಗಿದೆ, ಗುಜರಿಗೆ ಹಾಕು. ಅವಳು ನಂಬಿದ್ದಳು. ಆದರೆ ನಿನ್ನೆ ಸಂಜೆ ಅವನ ಚೀಲದಿಂದ ಮೀಟರ್ ತೆಗೆದು ತಾನೇ ನೋಡಿದ್ದಳು. ಮೀಟರ್ ಹಿಡಿಯಲು ಕಲಿಸಿದವನೂ ಅವನೇ, ಮದುವೆಯಾದ ಹೊಸದರಲ್ಲಿ, ಕೈ ಹಿಡಿದು. ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್ ದಾಟಿತ್ತು. ಅಂದರೆ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಗುಂಡುಕಲ್ಲಿನ ಹಾಗಿದೆ. ನಿಲ್ಲಿಸಿದ ಮೇಲೆ ಹನ್ನೆರಡೂವರೆ; ಬ್ಯಾಟರಿಗೂ ರೋಗವಿಲ್ಲ. ಈಗ ನೋಡಿದರೆ ಹತ್ತು.

"ರಾತ್ರಿಯೆಲ್ಲ ಇಲ್ಲೇ ನಿಂತಿತ್ತಲ್ಲೇ," ಎಂದಳು ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ. "ಕರೆಂಟೇನು ಗೋಡೆ ಹಾರಿ ಎರಡನೇ ಸಂಸಾರಕ್ಕೆ ಹೋಗ್ತಿದ್ಯಾ?"

ಸೊಸೆ ನಗಲಿಲ್ಲ. ಬ್ಯಾಟರಿಯ ಒಂದು ತಂತಿ ಬಿಚ್ಚಿ ನಡುವೆ ಮೀಟರ್ ಇಟ್ಟಳು. ಎಲ್ಲ ಆಫ್ ಇದ್ದರೂ ಕರೆಂಟು ಹರಿಯುತ್ತಿತ್ತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತಳು, ಅಂಕಿ ಅಲ್ಲಾಡಲಿಲ್ಲ. ಹಾಗಾದರೆ ಫ್ಯೂಸಿನ ಹಂಗಿಲ್ಲದ ತಂತಿಯೊಂದು ಎಲ್ಲೋ ಇದೆ. ಹುಡುಕಿದಳು. ಬ್ಯಾಟರಿಯಿಂದ ಹೊರಟ ಕಪ್ಪು ತಂತಿ ಮ್ಯಾಟಿನಡಿ ತೆವಳಿ ಡಿಕ್ಕಿಗೆ ಹೋಗಿತ್ತು. ಸ್ಟೆಪ್ನಿ ಎತ್ತಿದರೆ ಅಡಿಯಲ್ಲೊಂದು ತಗಡಿನ ಡಬ್ಬಿ. ಒಳಗೆ ಹೆಡ್‌ಲೈಟ್ ಬಲ್ಬು, ಕಾಮಾಲೆ ಹಿಡಿದಂತೆ ಮಂಕಾಗಿ ಉರಿಯುತ್ತಿತ್ತು. ಕಾರು ಸುಡಬಾರದೆಂದು ಡಬ್ಬಿ ಇಟ್ಟಿದ್ದ ಪುಣ್ಯಾತ್ಮ. ತಂತಿಯ ಗಂಟಿಗೆ ಸುತ್ತಿದ ಟೇಪಿನ ತುದಿಯನ್ನು, ಆಮೇಲೆ ಬಿಚ್ಚಲು ಸುಲಭವಾಗಲೆಂದು, ಒಳಕ್ಕೆ ಮಡಿಸಲಾಗಿತ್ತು. ಹಾಗೆ ಮಡಿಸುವವನು ಊರಿಗೆಲ್ಲ ಒಬ್ಬನೇ.

ಆಗ ಅವಳ ನೆತ್ತಿಯ ಮೇಲೆ ಕೊಡ ಇಟ್ಟಿದ್ದರೆ ಇಡೀ ಬೀದಿಗೆ ಸ್ನಾನದ ನೀರು ಕಾಯುತ್ತಿತ್ತು. ಆದರೂ ದನಿ ಏರಿಸದೆ ಗಂಡನನ್ನು ಕರೆದಳು.

ಅವನು ಕೈ ಒರೆಸಿಕೊಳ್ಳುತ್ತ ಬಂದ. ಯಾರೋ ಆಗದವರು ಮಾಡಿರಬೇಕು ಎಂದ. ಅವಳು ಟೇಪಿನ ಮಡಿಕೆ ತೋರಿಸಿದಳು. ಅವನು ನೆಲ ನೋಡಿದ.

"ಊರಿಗೆಲ್ಲ ನೀನು ಮೇಡಂ," ಎಂದ. "ಅಂಗಡಿಗೆ ಬಂದವರೂ ನನ್ನನ್ನ ಮೇಡಂ ಗಂಡ ಅಂತಾರೆ."

"ಅದಕ್ಕೆ ಕದ್ದು ನನ್ನ ಕಾರಿನ ರಕ್ತ ಹೀರ್ತೀರಾ? ಎದುರು ನಿಂತು ಬೇಡ ಅನ್ನೋಕೆ ಬಾಯಿ ಇರಲಿಲ್ವಾ?"

"ಡಬ್ಬಿಯೊಳಗೆ ದೀಪ ಹಚ್ಚಿದ್ದಾನೆ ನನ್ನ ಮಗ," ಎಂದಳು ಅತ್ತೆ. "ಹೊರಗೆ ಹಚ್ಚಿದ್ರೆ ಬೀದಿಗಾದ್ರೂ ಬೆಳಕಾಗ್ತಿತ್ತು."

ಅವಳು ಆ ತಂತಿಯನ್ನು ಕಿತ್ತೆಸೆದು, ಬಿಚ್ಚಿದ್ದನ್ನೆಲ್ಲ ಮತ್ತೆ ಸೇರಿಸಿ, ಒಳಗೆ ಕೂತಳು.

"ತಳ್ಳಿ."

ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದರು. ಯಾರನ್ನಾದರೂ ಕರೆಯುತ್ತೇನೆಂದು ಅವನು ಗೊಣಗಿದ.

"ನೀವೇ ತಳ್ಳಿ."

ತಳ್ಳಿದ. ಸತ್ತವರೂ ಎದ್ದು ಬಂದರೇನೋ ಎಂಬಂತೆ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಇಳಿಜಾರಿನಲ್ಲಿ ಅವಳು ಕ್ಲಚ್ ಬಿಟ್ಟಳು. ಕಾರು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಮೂಲೆಯಲ್ಲಿ ದರ್ಜಿ ಹೆಂಗಸು ಓಡಿಬಂದು ಹತ್ತಿ, ಏನಾಯಿತು ಎಂದು ಕೇಳಿದಳು. ಮೇಡಂ ಗೇರು ಹಾಕಿ ಕನ್ನಡಿ ನೋಡಿದಳು. ಧೂಳು ಹಿಡಿದ ಹಿಂದಿನ ಗಾಜಿನ ಮೇಲೆ ಎರಡು ಅಂಗೈಗಳು ಅಚ್ಚೊತ್ತಿದ್ದವು. ಅವುಗಳ ನಡುವೆ, ದೂರದಲ್ಲಿ, ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.