ಏಕಾದಶಿ ಮಾಡುವ ನಾಯಿ

ಮಿಯಾಪುರದಲ್ಲಿ ನರಹರಿ ಆಚಾರ್ಯರ ಮನೆಬಾಗಿಲಿಗೆ ದಿನವೂ ಬರುತ್ತಿದ್ದ ಬೀದಿನಾಯಿ ಏಕಾದಶಿಯಂದು ಮಾತ್ರ ಹಾಲಿಟ್ಟರೂ ಮುಟ್ಟುತ್ತಿರಲಿಲ್ಲ. ಪೂರ್ವಜನ್ಮದ ಹರಿಭಕ್ತನೇ ಇದೆಂದು ನಂಬಿದ ಆಚಾರ್ಯರು ಪ್ರವಚನದಲ್ಲಿ ಅದನ್ನು ಕೊಂಡಾಡಿ, ಅದರ ಹಣೆಗೆ ಗೋಪೀಚಂದನವನ್ನೂ ಹಚ್ಚಿದ್ದರು.

ಈ ಏಕಾದಶಿಯಂದು, ಐಟಿ ಕಟ್ಟಡವೊಂದು ಏಳುತ್ತಿದ್ದ ಬಯಲಿನ ತಗಡಿನ ಗುಡಿಸಲೆದುರು ಅದೇ ನಾಯಿ ಕುರಿಯ ಎಲುಬು ಕಡಿಯುತ್ತಿರುವುದು ಆಚಾರ್ಯರ ಕಣ್ಣಿಗೆ ಬಿತ್ತು.

"ಏಕಾದಶಿ ದಿನ ನಿಮ್ಮ ಮನಿ ಒಗ್ಗರಣಿ ವಾಸನಿ ಬರಲಿಲ್ಲಂದ್ರ ಹಾಲು ಬಿಟ್ಟು ಸೀದಾ ಇಲ್ಲಿಗೇ ಬರ್ತೈತ್ರಿ," ಎಂದಳು ಆ ಗುಡಿಸಲಿನ ಕೂಲಿ ಹೆಂಗಸು ಶಂಕ್ರಮ್ಮ.

"ಎಂಥ ವಂಚನೆ!" ಎಂದರು ಆಚಾರ್ಯರು.

"ಉಪಾಸ ಐತಿ ಅಂತ ಅದು ನಿಮ್ಮುಂದ ಹೇಳಿತ್ತೇನ್ರಿ, ಆಚಾರ್ರ?"

ನಾಯಿ ಬಾಲವಾಡಿಸುತ್ತ ಬಂದು ಅವರ ಪಾದಕ್ಕೆ ಮೂತಿಯಿಟ್ಟಿತು. ಭಕ್ತಿಯೋ, ಬರಿಯ ಅಭ್ಯಾಸವೋ? ಆಯುಷ್ಯವೆಲ್ಲ ಶ್ಲೋಕಗಳಿಗೆ ಅರ್ಥ ಹೇಳಿದ್ದ ಆಚಾರ್ಯರು ಕಾಲನ್ನಷ್ಟೇ ಹಿಂದಕ್ಕೆಳೆದುಕೊಂಡರು.