ತಲೆಕೆಳಗಾದವಳಿಗೆ ಬುದ್ಧಿಮಾತು

ಶಾಂಭವಿಗೆ ಅಪಘಾತದಲ್ಲಿ ಏನೂ ಆಗಲಿಲ್ಲ. ಆಗಿದ್ದೆಲ್ಲ ಅಪಘಾತ ಮುಗಿದ ಮೇಲೆ. ಹಿಂಗಾರಿ ಮಳೆ ಬಿದ್ದಿತ್ತು, ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನೆಲ್ಲ ಡಾಂಬರಿನ ಮೇಲೆ ಸಾರಿಸಿ ಹೋಗಿದ್ದವು. ನವಲಗುಂದದಲ್ಲಿ ಮದುಮಗಳ ಸಿಂಗಾರ ಮುಗಿಸಿ ಶಲವಡಿಗೆ ಮರಳುತ್ತಿದ್ದ ಅವಳ ಕಾರು ಜಾರಿತು, ಹೊರಳಿತು, ಜೋಳದ ಹೊಲದಲ್ಲಿ ಗಾಲಿ ಮೇಲೆ ಮಾಡಿ ಮಲಗಿತು. ಬೆಲ್ಟಿನ ಪುಣ್ಯ, ಮೈಮೇಲೆ ಒಂದು ಗೀರಿಲ್ಲ. ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿದ್ದವಳು ಜಾಣತನ ಮಾಡಿ ಬೆಲ್ಟು ಬಿಚ್ಚಿದಳು. ಧಪ್ಪನೆ ಬಿದ್ದಳು. ಹೆಗಲಿನ ಎಲುಬು ಮುರಿದದ್ದು ಆಗ.

‘ಲೇ ಹುಚ್ಚಿ, ಮೊದಲ ಕೈ ಊರು, ಆಮ್ಯಾಲ ಬೆಲ್ಟ್ ಬಿಚ್ಚು.’ ಹಾಸಿಗೆ ಹಿಡಿದ ಶಾಂಭವಿ ಕಾರಿನೊಳಗಿನ ಶಾಂಭವಿಗೆ ಮನಸ್ಸಿನಲ್ಲೇ ಕೊಟ್ಟ ಮೊದಲ ಬುದ್ಧಿಮಾತು ಇದು. ಬುದ್ಧಿ ಯಾವಾಗಲೂ ತಡವಾಗಿಯೇ ಬರುತ್ತದೆ, ನಮ್ಮ ಕಡೆಯ ಬಸ್ಸಿನ ಹಾಗೆ. ಎರಡನೆಯ ಮಾತು, ಮಾತಾಡಿಸಲು ಬಂದವರಿಗೆ ನಿಜ ಹೇಳಬೇಡ, ಅದು ಅವರಿಗೆ ಸಾಲುವುದಿಲ್ಲ. ಕಾರು ಒಂದೇ ಸಲ ಹೊರಳಿತು ಎಂದು ಅವಳು ಹೇಳಿದ್ದಳು. ಆ ಸುದ್ದಿ ಹಿಟ್ಟಿನ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಐದು ಪಲ್ಟಿ ಹೊಡೆದಿತ್ತು. ಜೊತೆಗೆ ಬಿಳಿ ಸೀರೆಯ ಹೆಂಗಸೊಬ್ಬಳು ರಸ್ತೆ ದಾಟಿದ್ದಳು.

ಎಲುಬು ಕೂಡಿತು, ಡಾಕ್ಟರು ಕೈಪಟ್ಟಿ ಬಿಚ್ಚಿಸಿದರು. ಕಾರೂ ರಿಪೇರಿಯಾಗಿ ಬಂದು ಬೇವಿನ ಮರದ ಕೆಳಗೆ ನಿಂತಿತು. ಅತ್ತೆ ರೇವವ್ವ ಅದರ ಮೇಲೆ ಸಂಡಿಗೆ ಒಣಗಿಸತೊಡಗಿದಳು. ಆದರೆ ಶಾಂಭವಿ ಕಾರು ಹತ್ತಲಿಲ್ಲ. ಸಿಂಗಾರದ ಪೆಟ್ಟಿಗೆಗಳನ್ನೆಲ್ಲ ಹೊತ್ತು ಬಸ್ಸಿನಲ್ಲಿ ಹೋಗುವಂತಿರಲಿಲ್ಲ, ಗಂಡ ಸಂಗನಬಸವನಿಗೆ ಬೈಕೇ ನೆಟ್ಟಗೆ ಬರುತ್ತಿರಲಿಲ್ಲ. ಫೋನು ಮಾಡಿದ ಗಿರಾಕಿಗಳಿಗೆಲ್ಲ ಅವಳು, “ಹೆಗಲ ಇನ್ನೂ ನೋಯತೈತ್ರಿ” ಎನ್ನುತ್ತಿದ್ದಳು. ಈ ಸಲದ ಮದುವೆಗಳೂ ಕೈ ತಪ್ಪಿದರೆ ಕಷ್ಟಪಟ್ಟು ಕಟ್ಟಿದ ಕೆಲಸ ಕೈಬಿಟ್ಟು ಹೋದಂತೆಯೇ. ಹೆಗಲು ನೋಯುತ್ತಿರಲಿಲ್ಲ. ಕೀಲಿ ಹಿಡಿದರೆ ಕೈ ಗಡಗಡ ನಡುಗುತ್ತಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಹೀಗಿರುವಾಗ ಒಂದು ದಿನ ತವರೂರು ದೇವಿಕೊಪ್ಪದಿಂದ ಅವಳ ಕಾಕಾ ಕಾಶಿನಾಥ ಸುಗ್ಗಿ ಮುಗಿಸಿಕೊಂಡು, ನಿಧಾನವಾಗಿ, ಬಾಳೆಹಣ್ಣು ಹಿಡಿದು ಬಂದ. ಶಾಂಭವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಿಟಕಿಯಲ್ಲಿ ಬೀಗರನ್ನು ಕಂಡ ರೇವವ್ವನ ಜೀವ ಬಾಯಿಗೆ ಬಂತು.

“ಲಗೂನ ಮಲಕೋ ಬೇ! ಎಲುಬ ಮುರದಾಕೀನ್ನ ರೊಟ್ಟಿ ಬಡ್ಯಾಕ ಹಚ್ಚ್ಯಾರಂತ ದೇವಿಕೊಪ್ಪ ತುಂಬ ಡಂಗುರಾ ಹೊಡೀತಾರ!”

ಹಿಟ್ಟಿನ ಕೈಗೇ ಪಟ್ಟಿ ಏರಿತು, ಕುತ್ತಿಗೆಯವರೆಗೆ ಕೌದಿ ಬಂತು. ಕಾಕಾ ಒಳಗೆ ಬಂದು ಬೆರಳು ನೋಡಿದ.

“ಇದೇನ ಬೆಳ್ಳಗ?”

“ಔಷಧದ ಪುಡಿರಿ ಬೀಗ್ರ” ಎಂದಳು ರೇವವ್ವ, ರೆಪ್ಪೆ ಬಡಿಯದೆ.

ಕಾಕಾ ಶಾಂಭವಿಯ ರೊಟ್ಟಿಯನ್ನೇ ರೇವವ್ವನದೆಂದು ಉಂಡ, ಹೊಗಳಿದ. ಶಾಂಭವಿ ಆಗಾಗ ನರಳಿದಳು. ನರಳುವುದು ರೂಢಿಯಾಗಿತ್ತು, ನಿಜ ಹೇಳಬೇಕೆಂದರೆ ಹಿತವೂ ಆಗಿತ್ತು. ಮಲಗಿದವಳಿಗೆ ಕಾರು ತೆಗೆ ಎಂದು ಯಾರೂ ಹೇಳುವುದಿಲ್ಲ. ಆದರೆ ಅಂದು ನರಳಿದ್ದು ಸ್ವಲ್ಪ ಹೆಚ್ಚಾಯಿತು.

“ಮಗಳ ಹಿಂಗ ನರಳೂದ ನೋಡಿ ಹೆಂಗ ಹೋಗ್ಲಿ?” ಕಾಕಾ ಕಣ್ಣೊರೆಸಿಕೊಂಡು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. “ಎಂಟ ದಿನಾ ಇದ್ದು ಹೋಗ್ತೀನಿ.”

ಎಂಟು ದಿನ ಸೊಸೆ ಮಲಗುವುದು, ತಾನು ಬೀಗರಿಗೆ ರೊಟ್ಟಿ ಬಡಿಯುವುದು! ಮರ್ಯಾದೆಗೂ ಒಂದು ಮಿತಿ ಬೇಡವೇ? ರೇವವ್ವ ಸೋತಳು.

“ಆಕಿ ಅಗದಿ ಗಟ್ಟಿಮುಟ್ಟ ಅದಾಳ್ರಿ. ಮುಂಜಾನಿಂದ ರೊಟ್ಟಿ ಬಡಿದಾಕಿ ಆಕೀನ. ನಿಮ್ಮನ್ನ ಕಾರಿನ್ಯಾಗ ಅಣ್ಣಿಗೇರಿ ಸ್ಟೇಷನ್ನಿಗೆ ಬಿಟ್ಟ ಬರ್ತಾಳ. ಏಳ ಬೇ!”

ಶಾಂಭವಿ ಎದ್ದು ಕೂತಳು. ಇನ್ನು ಮರೆ ಮಾಡಲು ನೋವು ಉಳಿದಿರಲಿಲ್ಲ.

“ನೋವಿಲ್ಲ ಕಾಕಾ. ಯಾವಾಗೋ ಹೋಗೇತಿ.” ಅತ್ತೆಯ ಕಡೆ ತಿರುಗಿದಳು. “ಅತ್ತೀ, ನನಗ ಅಂಜಿಕಿ ಬರತೈತ್ರಿ. ಕಾರು ಮುಟ್ಟಾಕ ಅಂಜಿಕಿ.”

ಊರಿಗೆ ಊರೇ ಬಂದು ನೋವು ಕೇಳಿ ಹೋಗಿತ್ತು, ಅಂಜಿಕೆಯಾಯಿತೇ ಎಂದು ಒಬ್ಬರೂ ಕೇಳಿರಲಿಲ್ಲ. ಕಾಕಾ ಗೂಟದ ಅಂಗಿ ತೆಗೆದು ತೊಟ್ಟುಕೊಂಡ. ರೇವವ್ವ ಹೊರಗೆ ಹೋಗಿ ಕಾರಿನ ಮೇಲಿನ ಸಂಡಿಗೆ ಬಳಿದು ಬುಟ್ಟಿಗೆ ಹಾಕಿದಳು. ಹೆಂಗಸು ನಡೆಸುವ ಗಾಡಿಯಲ್ಲಿ ಸತ್ತರೂ ಕೂರುವುದಿಲ್ಲ ಎನ್ನುತ್ತಿದ್ದವಳು ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ, ಸರಿಯಾಗಿ ಸೊಸೆಯ ಸೀಟಿನ ಬೆನ್ನಿಗೆ ಕೂತಳು.

“ಹೇಳಾಕ ಬಾಯಿರಲಿಲ್ಲೇನ? ನಾ ಕುಂದರತಿದ್ದೆ. ಹಚ್ಚು ಗಾಡಿ.”

ಶಾಂಭವಿ ಬಂದು ಮುಂದೆ ಕೂತು, ಕೈ ನಡುಗುತ್ತಿರುವಂತೆಯೇ ಕೀಲಿ ತಿರುಗಿಸಿದಳು. ಕಾರು ಎಷ್ಟು ಮೆಲ್ಲಗೆ ಹೋಯಿತೆಂದರೆ ಎಮ್ಮೆಯೊಂದು ಅವರನ್ನು ಹಿಂದೆ ಹಾಕಿತು. ಕಾಕಾ ಮುಂದೆ ಕೂತು, ಜನ್ಮದಲ್ಲಿ ಸ್ಟೇರಿಂಗ್ ಹಿಡಿಯದವನು, ಯಾವ ಗೇರು ಹಾಕಬೇಕೆಂದು ಹೇಳುತ್ತಿದ್ದ. ನಡುವೆ ಒಂದು ಕಡೆ ಕಾಲುವೆಯ ನೀರು ಹರಿದು ರಸ್ತೆಯ ಮೇಲೆ ಒದ್ದೆ ಎರೆಮಣ್ಣು ಕಂಡಿತು, ಅವಳ ಕಾಲು ಬ್ರೇಕಿಗೆ ಹೋಯಿತು. ರೇವವ್ವನ ಕೈ ಹಿಂದಿನಿಂದ ಬಂದು, ಮುರಿದು ಕೂಡಿದ ಹೆಗಲನ್ನೇ ಗಟ್ಟಿಯಾಗಿ ಹಿಡಿಯಿತು. ಈಗ ಮಾತ್ರ ನಿಜವಾಗಿಯೂ ನೋಯಿತು.

ಜೋಳದ ಹೊಲದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದವಳಿಗೆಂದು ಕೂಡಿಸಿಟ್ಟ ಬುದ್ಧಿಮಾತುಗಳಲ್ಲಿ ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ.

“ಲೇ ಹುಚ್ಚಿ, ಅತ್ತೀನ್ನ ಕರಿ” ಎಂದಳು ಶಾಂಭವಿ, ಮೆಲ್ಲಗೆ.

“ಯಾರಿಗಂದಿ?” ರೇವವ್ವ ಮುಂದೆ ಬಾಗಿದಳು.

“ನಿಮಗಲ್ರಿ” ಎಂದಳು. ಕೈ ತೆಗೆಯಿರಿ ಎಂದು ಮಾತ್ರ ಅನ್ನಲಿಲ್ಲ.