ಮಾಕ್ರಿ ದ್ವೀಪದ ಮದುಮಗಳು

ಪಾಂಡೆಲಿಸನಿಗೆ ದೋಣಿಗಿಂತ ಬಾಯಿ ದೊಡ್ಡದು ಎಂದು ಗ್ರೀಸಿನ ಪೊಲೊನಿಯ ಬಂದರಿನವರು ಆಡಿಕೊಳ್ಳುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಉಳಿದವರ ದೋಣಿಗಳಲ್ಲಿ ಸಂಗೀತವಿತ್ತು, ನೀರಿಗೆ ಜಾರುವ ಜಾರುಬಂಡೆಯಿತ್ತು, ನೂರಾರು ಜನ ಹಿಡಿಸುವಷ್ಟು ಜಾಗವಿತ್ತು. ಇವನ ಹತ್ತಿರ ಇದ್ದದ್ದು ಅಪ್ಪ ಬಿಟ್ಟುಹೋದ ಹಳೆಯ ಮರದ ದೋಣಿ. ಹತ್ತು ಹನ್ನೆರಡು ಮಂದಿ ಕೂತರೆ ತುಂಬಿಹೋಗುತ್ತಿತ್ತು. ಅದರಲ್ಲಿ ಬೆಳಿಗ್ಗೆ ಪ್ರವಾಸಿಗರನ್ನು ಹತ್ತಿಸಿಕೊಂಡು ಮಾಕ್ರಿ ದ್ವೀಪಕ್ಕೆ ಹೋಗುವುದು, ಗುಹೆಗಳ ಹತ್ತಿರ ಈಜಲು ಬಿಡುವುದು, ಹೆಂಡತಿ ಕ್ರಿನ್ಯೊ ದೋಣಿಯಲ್ಲೇ ಬೇಯಿಸಿದ ಊಟ ಬಡಿಸುವುದು, ಹೊತ್ತು ಮುಳುಗುವ ಮುಂಚೆ ವಾಪಸು ಬರುವುದು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದಿತ್ತು. ಆದರೆ ಬಂದವರು ಊರಿಗೆ ಹೋಗಿ ಬರೆಯುತ್ತಿದ್ದದ್ದು ಊಟದ ಬಗ್ಗೆಯೂ ಅಲ್ಲ, ಗುಹೆಗಳ ಬಗ್ಗೆಯೂ ಅಲ್ಲ. ಮಾಕ್ರಿಯ ಮದುಮಗಳ ಬಗ್ಗೆ.

ಮಾಕ್ರಿಯಲ್ಲಿ ಈಗ ಇರುವವಳು ಒಬ್ಬಳೇ, ಅರ್ಗಿರೊ. ಎಪ್ಪತ್ತು ದಾಟಿದ ಹೆಂಗಸು. ಅಣ್ಣ ಇರುವವರೆಗೆ ಇಬ್ಬರೂ ಸೇರಿ ಆಡು ಸಾಕಿಕೊಂಡಿದ್ದರು, ಅವನು ಸತ್ತ ಮೇಲೆ ಅವಳು ಆಡುಗಳನ್ನು ಬಿಟ್ಟು ಬರಲಿಲ್ಲ. ದೋಣಿಯ ಸದ್ದು ಕೇಳಿದರೆ ಮನೆಯಿಂದ ಇಳಿದು, ನೀರಿನ ಮೇಲೆ ಚಾಚಿದ ಬಂಡೆಯ ತುದಿಗೆ ಬಂದು ನಿಂತು ಕೈ ಎತ್ತುತ್ತಿದ್ದಳು. ಅಷ್ಟೇ ಇದ್ದದ್ದು. ಉಳಿದದ್ದನ್ನೆಲ್ಲ ಪಾಂಡೆಲಿಸ್ ಕಟ್ಟಿದ.

ಯಾವ ವರ್ಷ ಶುರುಮಾಡಿದನೋ ಅವನಿಗೇ ನೆನಪಿಲ್ಲ. ಮಂಕಾಗಿ ಕೂತಿದ್ದ ಯಾವುದೋ ಗುಂಪನ್ನು ನಗಿಸಲು, "ಅಲ್ಲಿ ನೋಡಿ, ಅವಳ ಗಂಡ ಆಗಬೇಕಾಗಿದ್ದವನು ಮದುವೆಯ ದಿನ ಬೆಳಿಗ್ಗೆ ಹಡಗು ಹತ್ತಿ ಓಡಿಹೋದ. ಅವತ್ತಿನಿಂದ ಯಾವ ದೋಣಿ ಬಂದರೂ ಅವನೇ ಬಂದ ಅಂತ ಓಡಿಬರ್ತಾಳೆ" ಎಂದಿದ್ದ. ಗುಂಪು ಎದ್ದು ಕೂತಿತು. ಆಮೇಲೆ ಓಡಿಹೋದವನಿಗೆ ಲಿನಾರ್ದೋಸ್ ಎಂದು ಹೆಸರು ಬಂತು, ಅವನ ಹಡಗಿಗೂ ಹೆಸರು ಬಂತು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮದುವೆಯ ಉಡುಪು ಬಂತು. "ಎಲ್ಲರೂ ಕೈ ಬೀಸಿ, ಪಾಪ, ಇಲ್ಲದಿದ್ದರೆ ಅವಳ ಎದೆ ಒಡೆದುಹೋಗುತ್ತೆ" ಎನ್ನುತ್ತಿದ್ದ. ಎಲ್ಲರೂ ಬೀಸುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ಕೊನೆಗೆ ಅವನು ದನಿ ಇಳಿಸಿ, "ಇವತ್ತೂ ಅವನು ಬರಲಿಲ್ಲ ಅರ್ಗಿರೊ, ನಾಳೆ ನೋಡೋಣ" ಎನ್ನುವನು. ಅಲ್ಲಿ ಕೆಲವರು ನಗುತ್ತಿದ್ದರು, ಕೆಲವರ ಕಣ್ಣು ಒದ್ದೆಯಾಗುತ್ತಿತ್ತು. ಎರಡೂ ಅವನಿಗೆ ಹಿತವಾಗಿತ್ತು.

"ಆ ಹೆಂಗಸಿನ ಗೊಡವೆ ನಿಂಗ್ಯಾಕೆ?" ಎಂದು ಕ್ರಿನ್ಯೊ ಕೇಳುತ್ತಲೇ ಇದ್ದಳು. "ಗುಹೆ ಬಗ್ಗೆ ಹೇಳು, ಅಲ್ಲಿನ ಸೀಲ್ ಪ್ರಾಣಿ ಬಗ್ಗೆ ಹೇಳು."

"ಯಾರಿಗೇನು ನಷ್ಟ? ಅವಳಿಗೆ ಇಂಗ್ಲಿಷು ಬರುತ್ತಾ?"

"ಅವಳಿಗೆ ಬರಲ್ಲ ಅಂತಲೇ ನೀನು ಹೇಳೋದು."

"ನೀನು ಮೆಣಸಿನಕಾಯಿ ಹೆಚ್ಚಮ್ಮ, ಕಥೆ ನಂಗೆ ಬಿಡು" ಎಂದು ಅವನು ಚುಕ್ಕಾಣಿಯ ಕಡೆ ತಿರುಗಿಕೊಳ್ಳುತ್ತಿದ್ದ.

ಆ ಸೆಪ್ಟೆಂಬರಿನಲ್ಲಿ ಒಂದು ದಿನ, ಗುಂಪಿನಲ್ಲಿ ಹೊರದೇಶದವರ ಜೊತೆ ಲಾರಿಸಾ ಪಟ್ಟಣದ ಗಂಡಹೆಂಡತಿಯೂ ಇದ್ದರು. ಹೆಂಡತಿ ಎವ್ದೋಕ್ಸಿಯಾ ನಿವೃತ್ತ ಹಲ್ಲಿನ ಡಾಕ್ಟರು. ಮಾತುಗಾತಿ, ಮನಸ್ಸು ಮೃದು. ನಮ್ಮ ಭಾಷೆಯವರು ಸಿಕ್ಕರಲ್ಲ ಎಂಬ ಹುರುಪಿಗೆ ಪಾಂಡೆಲಿಸ್ ಅವತ್ತು ಕಥೆಯನ್ನು ಎರಡೂ ಭಾಷೆಗಳಲ್ಲಿ ಹೇಳಿದ. ಗ್ರೀಕಿನಲ್ಲಿ ಇನ್ನಷ್ಟು ಉಪ್ಪುಖಾರ ಹಚ್ಚಿದ. ಅರ್ಗಿರೊ ನೀಲಿ ರುಮಾಲು ಕಟ್ಟಿಕೊಂಡು ಬಂಡೆಯ ಮೇಲೆ ನಿಂತಿದ್ದಳು, ಕೈ ಎತ್ತಿದಳು. ದೋಣಿಗೆ ದೋಣಿಯೇ ಕೈ ಬೀಸಿತು. ಎವ್ದೋಕ್ಸಿಯಾ ಮೂಗು ಒರೆಸಿಕೊಂಡಳು.

ಊಟ ಮುಗಿಯುವ ಹೊತ್ತಿಗೆ ಗಾಳಿ ಎದ್ದಿತು. ಮೆಲ್ತೇಮಿ ಗಾಳಿ ಸಂಜೆಗೆ ಬರಬಹುದು ಎಂದು ಬೆಳಿಗ್ಗೆ ಹೇಳಿದ್ದರು, ಅದು ಮಧ್ಯಾಹ್ನಕ್ಕೇ ಬಂದಿತ್ತು. ಕಡಲಿಗೆ ಚಾಚಿದ ದ್ವೀಪದ ಮೂಗು ದಾಟುವಷ್ಟರಲ್ಲಿ ಅಲೆಗಳು ದೋಣಿಯ ಅಂಚು ಹಾರಿ ಒಳಗೆ ಬೀಳತೊಡಗಿದವು. ಹಾಲೆಂಡಿನ ಒಬ್ಬ ಹುಡುಗಿ, ಬಸುರಿ, ಬೆಳಗಿನಿಂದ ನಗುನಗುತ್ತಾ ಇದ್ದವಳು, ಕ್ರಿನ್ಯೊಳ ಮಡಿಲಲ್ಲಿ ತಲೆಯಿಟ್ಟು ಕಕ್ಕಿಕೊಳ್ಳುತ್ತಿದ್ದಳು. "ತಿರುಗಿಸು" ಎಂದಳು ಕ್ರಿನ್ಯೊ. ಅವನಿಗೂ ಬೇರೆ ದಾರಿ ಕಾಣಲಿಲ್ಲ. ಮಾಕ್ರಿಯಲ್ಲಿ ಗಾಳಿ ತಾಗದ ಕೊಲ್ಲಿ ಒಂದೇ ಒಂದಿತ್ತು, ಅರ್ಗಿರೊಳ ಮನೆಯ ಕೆಳಗೆ.

ಅವರು ಒಳಗೆ ಬರುವಷ್ಟರಲ್ಲಿ ಅವಳು ಆಗಲೇ ಕಲ್ಲುಕಟ್ಟೆಯ ಮೇಲೆ ಹಗ್ಗ ಹಿಡಿಯಲು ನಿಂತಿದ್ದಳು. "ಎಸಿ! ಇತ್ತ ಎಸಿ! ನಿಮ್ಮಪ್ಪ ಇನ್ನೂ ಚೆನ್ನಾಗಿ ಎಸೀತಿದ್ದನಪ್ಪ!" ಎಂದು ಕೂಗಿದಳು. ಹಗ್ಗ ಬಿಗಿದು, ಬಸುರಿಯನ್ನು ನೋಡಿದವಳೇ ಅವಳ ಸೊಂಟಕ್ಕೆ ಕೈ ಹಾಕಿ ಮೆಟ್ಟಿಲು ಹತ್ತಿಸಿಕೊಂಡು ಹೋದಳು. ಉಳಿದವರು ಹಿಂದೆ ಹೋದರು.

ಅಂಗಳದಲ್ಲಿ ಒಂದು ಅಂಜೂರದ ಮರ, ಅದರ ಕೆಳಗೆ ಉದ್ದನೆಯ ಕಲ್ಲುಬೆಂಚು. ಅರ್ಗಿರೊ ಒಳಗೂ ಹೊರಗೂ ಓಡಾಡಿದಳು. ಬಾವಿಯ ನೀರು, ಬಾರ್ಲಿಯ ಒಣರೊಟ್ಟಿ, ಆಡಿನ ಹಾಲಿನ ಬಿಳಿ ಚೀಸು, ಒಣಗಿದ ಅಂಜೂರ, ಬಸುರಿಗೆ ನಿಂಬೆಯ ಎಲೆ ಕುದಿಸಿದ ಕಷಾಯ. ಮುಖ ಅರಳಿಹೋಗಿತ್ತು. "ಇಷ್ಟು ವರ್ಷ ದೂರದಿಂದಲೇ ನೋಡಿದ್ದಾಯ್ತು. ಕಡೆಗೂ ಗಾಳಿ ನಿಮ್ಮನ್ನ ನಮ್ಮನೆಗೆ ತಂದು ಹಾಕ್ತು" ಎಂದು ಎಲ್ಲರ ಮುಖ ನೋಡಿ ನೋಡಿ ಹೇಳಿದಳು. ಪಾಂಡೆಲಿಸ್ ಅಂಗಳದ ಬಾಗಿಲ ಹತ್ತಿರ ನಿಂತಿದ್ದ. ಒಳಗೆ ಕೂರಲು ಯಾಕೋ ಮನಸ್ಸಾಗಲಿಲ್ಲ.

ಎವ್ದೋಕ್ಸಿಯಾ ತಡೆದುಕೊಳ್ಳಲಾರದೆ ಎದ್ದಳು. ಅರ್ಗಿರೊಳ ಎರಡೂ ಕೈ ಹಿಡಿದುಕೊಂಡು, "ಅಕ್ಕಾ, ತಪ್ಪು ತಿಳೀಬೇಡಿ. ಆ ಮನುಷ್ಯನಿಗೆ ನಿಮ್ಮಂಥವರನ್ನ ಪಡೆಯೋ ಯೋಗ್ಯತೆ ಇರಲಿಲ್ಲ" ಎಂದಳು.

"ಯಾವ ಮನುಷ್ಯ?"

"ಅದೇ... ಲಿನಾರ್ದೋಸ್."

"ಅತ್ತೆ, ಬಾವೀಲಿ ನೀರು ಹೇಗಿದೆ ಈ ವರ್ಷ?" ಎಂದ ಪಾಂಡೆಲಿಸ್, ಬೇಕಾದ್ದಕ್ಕಿಂತ ಜೋರಾಗಿ. ನೆಂಟಳಲ್ಲದಿದ್ದರೂ ಹಿರಿಯಳೆಂದು ಅವಳನ್ನು ಹಾಗೆಯೇ ಕರೆಯುತ್ತಿದ್ದ.

"ಇದೆ ಇದೆ" ಎಂದು ಅರ್ಗಿರೊ ಅವನ ಕಡೆ ನೋಡದೆಯೇ ಹೇಳಿದಳು. "ಹೇಳಿ ತಂಗಿ, ಯಾರು ಲಿನಾರ್ದೋಸ್?"

ಎವ್ದೋಕ್ಸಿಯಾ ಹೇಳಿದಳು. ಮರೆವು ಬಂದಿರಬೇಕು ಪಾಪ ಎಂದುಕೊಂಡು, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ, ಒಂದನ್ನೂ ಬಿಡದೆ ಹೇಳಿದಳು. ಮದುವೆಯ ಬೆಳಿಗ್ಗೆ, ಹಡಗು, ಪೆಟ್ಟಿಗೆಯಲ್ಲಿನ ಉಡುಪು, ಬಂಡೆಯ ಮೇಲೆ ನಿಂತು ಕಾಯುವುದು. ಪಾಂಡೆಲಿಸನಿಗೆ ತನ್ನ ಮಾತುಗಳೇ ಒಂದೊಂದಾಗಿ ವಾಪಸು ಬರುತ್ತಿದ್ದವು. ಕಿವಿಯ ತುದಿಯಿಂದ ಕುತ್ತಿಗೆಯವರೆಗೆ ಬಿಸಿ ಇಳಿಯಿತು. ಕ್ರಿನ್ಯೊ ನೆಲ ನೋಡುತ್ತಿದ್ದಳು.

ಅರ್ಗಿರೊ ಪೂರ್ತಿ ಕೇಳಿದಳು. ಆಮೇಲೆ ಒಮ್ಮೆ, ಒಮ್ಮೆ ಮಾತ್ರ, ಬಾಗಿಲ ಕಡೆ ನೋಡಿದಳು. ಈಗ ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಆಗುತ್ತಿತ್ತು.

"ಹಳೇ ಮಾತು ತಂಗಿ, ಬಿಡಿ" ಎಂದಳು ಅರ್ಗಿರೊ. "ಚೀಸು ತಗೊಳ್ಳಿ."

ಪಾಂಡೆಲಿಸನ ಮಾನ ಉಳಿಸಲು ಅವಳು ಅವನ ಸುಳ್ಳನ್ನು ತನ್ನ ಮೈಮೇಲೆ ಎಳೆದುಕೊಂಡಿದ್ದಳು, ಬಂದ ಅತಿಥಿಗಳ ಮುಂದೆ, ತನ್ನದೇ ಅಂಗಳದಲ್ಲಿ.

ಅಷ್ಟಕ್ಕೇ ಮುಗಿಯಲಿಲ್ಲ. ಎವ್ದೋಕ್ಸಿಯಾ ಅವಳನ್ನು ಅಪ್ಪಿಕೊಂಡು ಅತ್ತದ್ದು ನೋಡಿ ಹೊರದೇಶದವರೂ ಎದ್ದು ಬಂದರು. ಬಿಳಿಗಡ್ಡದ ಮುದುಕನೊಬ್ಬ ಟೋಪಿ ತೆಗೆದು ಏನೋ ಹೇಳಿ, ಹೇಳಪ್ಪಾ ಎನ್ನುವ ಹಾಗೆ ಪಾಂಡೆಲಿಸನ ಕಡೆ ತಿರುಗಿದ. ಎಲ್ಲರೂ ಅವನನ್ನೇ ನೋಡಿದರು.

"ಏನಂತಾರೆ ಅವರು?" ಎಂದಳು ಅರ್ಗಿರೊ.

"ಅವರು... ನಿಮ್ಮ ನಿಷ್ಠೆ ದೊಡ್ಡದು ಅಂತಾರೆ, ಅತ್ತೆ."

"ಸಂತೋಷ ಅಂತ ಹೇಳು."

ಅವನು ಹೇಳಿದ. ಬಸುರಿ ಹುಡುಗಿ ಅವಳ ಕೆನ್ನೆಗೆ ಮುತ್ತಿಟ್ಟು ಏನೋ ಅಂದಳು.

"ಇವಳು?"

"ನೀವು ಆಸೆ ಬಿಡಬಾರದಂತೆ. ಅವನು ಬಂದರೂ ಬರಬಹುದಂತೆ."

"ಮಗು ಚೆನ್ನಾಗಿ ಹುಟ್ಟಲಿ ಅಂತ ಹೇಳು" ಎಂದಳು ಅರ್ಗಿರೊ. "ಸರಿಯಾಗಿ ಹೇಳು. ನಿನ್ನ ಕೈಯಿಂದ ಏನೂ ಸೇರಿಸಬೇಡ."

ಆ ಕೊನೆಯ ಮಾತು ಕೇಳಿಸಿದ್ದು ಅವನಿಗೆ, ಕ್ರಿನ್ಯೊಗೆ, ಲಾರಿಸಾದ ಇಬ್ಬರಿಗೆ. ಅರ್ಥವಾದದ್ದು ಅವನಿಗೂ ಕ್ರಿನ್ಯೊಗೂ ಮಾತ್ರ. ಆಮೇಲೆ ಫೋಟೊಗಳು. ಅರ್ಗಿರೊ ಒಬ್ಬೊಬ್ಬರ ಪಕ್ಕದಲ್ಲೂ ಕೈ ಇಳಿಬಿಟ್ಟುಕೊಂಡು ನೆಟ್ಟಗೆ ನಿಂತಳು, ಗುರುತಿನ ಚೀಟಿಗೆ ಫೋಟೊ ತೆಗೆಸಿಕೊಳ್ಳುವವರ ಹಾಗೆ.

ಗಾಳಿ ಇಳಿಯುವ ಲಕ್ಷಣ ಕಂಡಾಗ ಪಾಂಡೆಲಿಸ್ ಹಗ್ಗ ಬಿಚ್ಚಲು ಎಲ್ಲರಿಗಿಂತ ಮುಂಚೆ ಇಳಿದ. ಅವಳು ಹಿಂದೆಯೇ ಬಂದಳು. ಕಲ್ಲುಕಟ್ಟೆಯ ಮೇಲೆ ಅವರಿಬ್ಬರೇ.

"ಅದಕ್ಕೇ ಏನು, ಅವರೆಲ್ಲ ಕೈ ಬೀಸ್ತಿದ್ದದ್ದು?" ಎಂದಳು.

ಅವನು ಹಗ್ಗ ನೋಡುತ್ತಿದ್ದ.

"ನಿಮ್ಮಪ್ಪ ನಂಗೆ ಹೇಳಿದ್ದ. ನಮ್ಮಣ್ಣ ತೀರಿಕೊಂಡ ವರ್ಷ. 'ಅರ್ಗಿರೊ, ನೀನು ಬಂಡೆ ಮೇಲೆ ಬಂದು ಕೈ ಎತ್ತು, ಚೆನ್ನಾಗಿದ್ದೀಯ ಅಂತ ತಿಳ್ಕೊಂಡು ನಾನು ಮುಂದೆ ಹೋಗ್ತೀನಿ. ಎತ್ತದಿದ್ದರೆ ದಡಕ್ಕೆ ಬರ್ತೀನಿ.' ಅವನು ಸತ್ತ ಮೇಲೆ ನೀನು ಅದನ್ನೇ ನಡೆಸಿಕೊಂಡು ಬರ್ತಿದ್ದೀಯ ಅಂದ್ಕೊಂಡೆ. ದೋಣಿ ತುಂಬ ಜನ ಕೈ ಎತ್ತೋರು. ಹುಡುಗ ಎಲ್ಲರಿಗೂ ಹೇಳಿದ್ದಾನೆ, ಎಷ್ಟು ಒಳ್ಳೇ ಜನ, ಯಾವ್ಯಾವ ದೇಶದವರೋ, ನಾನು ಬದುಕಿದ್ದೀನೋ ಇಲ್ವೋ ಅಂತ ವಿಚಾರಿಸಿಕೊಂಡು ಹೋಗ್ತಾರಲ್ಲ ಅಂತ..." ಅವಳು ನಿಲ್ಲಿಸಿದಳು. "ಒಂದೊಂದು ದಿನ ಮಂಡಿ ನೋವು ಇರ್ತಿತ್ತು. ಆದರೂ ಇಳಿದು ಬರ್ತಿದ್ದೆ. ಅವರಿಗೆ ಬೇಜಾರಾಗಬಾರದು ಅಂತ."

"ಅತ್ತೆ, ನಾನು..."

"ನನ್ನ ಕೇಳ್ಕೊಂಡು ಬಂದೋರು ಇದ್ದರು ಕಣೋ. ನಾನೇ ಒಲ್ಲೆ ಅಂದೆ. ಬಂದೋರಲ್ಲಿ ನಿಮ್ಮ ಚಿಕ್ಕಪ್ಪನೂ ಒಬ್ಬ. ಹೋಗಿ ಕೇಳು." ಮೇಲಿನಿಂದ ಜನ ಇಳಿಯುವ ಸದ್ದಾಯಿತು. ಅವಳು ದನಿ ತಗ್ಗಿಸಿದಳು. "ಲಿನಾರ್ದೋಸ್ ಅಂತೆ!"

ಅವಳು ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟಳು, ಎಸೆಯಲಿಲ್ಲ.

ದಾರಿಯುದ್ದಕ್ಕೂ ಎವ್ದೋಕ್ಸಿಯಾಳದು ಅದೇ ಮಾತು. ಎಂಥಾ ಹೆಂಗಸು, ಎಂಥಾ ಮನಸ್ಸು, ಒಂದು ಕಹಿ ಮಾತಿಲ್ಲ. ಊರಿಗೆ ಹೋಗಿ ಗೆಳತಿಯರಿಗೆಲ್ಲ ಹೇಳುತ್ತಾಳಂತೆ, ಮುಂದಿನ ವರ್ಷ ಎಲ್ಲರನ್ನೂ ಕರೆತರುತ್ತಾಳಂತೆ. ಬಂದರಿನ ದೀಪ ಕಾಣುವ ಹೊತ್ತಿಗೆ ಪಾಂಡೆಲಿಸ್ ಚುಕ್ಕಾಣಿಯನ್ನು ಕ್ರಿನ್ಯೊಳ ಕೈಗೆ ಕೊಟ್ಟು ಅವರ ಎದುರು ನಿಂತ.

"ನಾನು ಹೇಳಿದ್ದೆಲ್ಲ ಸುಳ್ಳು" ಎಂದ. "ಅಂಥವನು ಯಾರೂ ಇರಲಿಲ್ಲ. ಅವರು ಯಾರನ್ನೂ ಕಾಯ್ತಿಲ್ಲ. ನಾನು ಕಟ್ಟಿದ್ದು." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ.

ಬಿಳಿಗಡ್ಡದವನು ನಕ್ಕುಬಿಟ್ಟ, ಇದೂ ಕಥೆಯ ಒಂದು ತಿರುವು ಎಂದುಕೊಂಡು ಚಪ್ಪಾಳೆಯನ್ನೂ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ. ಎವ್ದೋಕ್ಸಿಯಾಳ ಮುಖ ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು.

"ನಾನು ಅವಳ ಕೈ ಹಿಡ್ಕೊಂಡೆ" ಎಂದಳು. "ಅವಳ ಮನೆಯಲ್ಲಿ ಕೂತು, ಅವಳ ರೊಟ್ಟಿ ತಿಂದು, ಅವಳಿಗೆ ಸಮಾಧಾನ ಹೇಳಿದೆ. ನೀನು ಅಲ್ಲೇ ನಿಂತಿದ್ದೆ. ಬಾಯಿ ಇರಲಿಲ್ವಾ ನಿಂಗೆ ಆಗ?"

"ಇರಲಿಲ್ಲ."

"ಥೂ" ಎಂದಳು. ಗಂಡ ಅವಳ ತೋಳು ಮುಟ್ಟಿದ, ಅವಳು ಕೊಡವಿಕೊಂಡಳು. ದಡಕ್ಕೆ ಇಳಿಯುವಾಗ ಪಾಂಡೆಲಿಸ್ ಚಾಚಿದ ಕೈಯನ್ನು ಹಿಡಿಯದೆ, ಹಗ್ಗ ಹಿಡಿದು ತಾನೇ ಇಳಿದಳು.

ಮನೆಯಲ್ಲಿ ಕ್ರಿನ್ಯೊ, ನಾನು ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿ ಮಲಗಿದಳು.

ಮಾರನೆಯ ದಿನ ಬೇರೆ ಗುಂಪು. ದೋಣಿ ಮಾಕ್ರಿಯ ಹತ್ತಿರ ಬಂತು. ಬಂಡೆಯ ಮೇಲೆ ಯಾರೂ ಇರಲಿಲ್ಲ. ಪಾಂಡೆಲಿಸ್ ಎಂಜಿನ್ ನಿಧಾನ ಮಾಡಿದ. ಸಿಟ್ಟಿಗೆ ಬರಲಿಲ್ಲವೋ, ಬಿದ್ದಿದ್ದಾಳೋ, ಹೇಗೆ ಹೇಳುವುದು? ಅವನು ಪ್ರವಾಸಿಗರನ್ನು ಕ್ರಿನ್ಯೊಗೆ ಒಪ್ಪಿಸಿ ಕೊಲ್ಲಿಯಲ್ಲಿ ಇಳಿದು ಮೆಟ್ಟಿಲು ಹತ್ತಿದ. ಬಾಗಿಲು ಮುಚ್ಚಿತ್ತು.

"ಅತ್ತೆ?"

"ಚೆನ್ನಾಗಿದ್ದೀನಿ. ಹೋಗು" ಎಂದು ಒಳಗಿನಿಂದ ದನಿ ಬಂತು.

ಅದರ ಮಾರನೆಯ ದಿನವೂ ಹಾಗೆಯೇ. ಆ ಋತು ಮುಗಿಯುವವರೆಗೂ ಅವಳು ಬಂಡೆಗೆ ಇಳಿಯಲಿಲ್ಲ, ಅವನು ಹತ್ತುವುದನ್ನು ಬಿಡಲಿಲ್ಲ. ಬಿಸಿಲಲ್ಲಿ ಏದುಸಿರು ಬಿಡುತ್ತಾ ಆ ಮುಚ್ಚಿದ ಬಾಗಿಲ ಮುಂದೆ ನಿಲ್ಲುವಾಗಲೆಲ್ಲ ಮೊದಲ ದಿನದಷ್ಟೇ ನಾಚಿಕೆಯಾಗುತ್ತಿತ್ತು. ರೂಢಿಯಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಕೆಳಗೆ ದೋಣಿಯಲ್ಲಿ ಯಾರಾದರೂ, ಮದುಮಗಳ ಕಥೆ ಹೇಳ್ತೀರಂತಲ್ಲ, ಎಲ್ಲೋ ಓದಿದೆವು ಎಂದು ಕೇಳುತ್ತಿದ್ದರು. "ಅದು ಸುಳ್ಳು, ನಾನೇ ಹೇಳಿದ್ದು" ಎನ್ನುತ್ತಿದ್ದ. ಅವರ ಮುಖ ಸಪ್ಪೆಯಾಗುತ್ತಿತ್ತು. ಚಿಕ್ಕಪ್ಪನನ್ನು ಮಾತ್ರ ಕೇಳಲಿಲ್ಲ. ಕೇಳುವ ಮುಖವಿರಲಿಲ್ಲ.

ಅಕ್ಟೋಬರಿನ ಕೊನೆಯ ಪ್ರವಾಸದ ದಿನ ಬಾಗಿಲು ತೆರೆದಿತ್ತು. ಅವಳು ಹೊಸ್ತಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ.

"ಇನ್ನು ಪ್ರವಾಸಿಗರಿಲ್ಲ, ಅತ್ತೆ. ಭಾನುವಾರ ಭಾನುವಾರ ಬಂದು ಹೋಗ್ತೀನಿ, ನೋಡ್ಕೊಂಡು."

"ನೀನು ಯಾಕೆ? ಕ್ರಿನ್ಯೊನ ಕಳಿಸು."

"ಅವಳಿಗೆ ಒಬ್ಬಳೇ ಚಳಿಗಾಲದ ಕಡಲು..."

"ದೋಣಿ ನೀನು ನಡೆಸು. ಮೇಲಕ್ಕೆ ಅವಳು ಬರಲಿ."

ಹಾಗೇ ಆಯಿತು. ಆ ಚಳಿಗಾಲ ಕಡಲು ಸುಮ್ಮನಿದ್ದ ಭಾನುವಾರಗಳಲ್ಲೆಲ್ಲ ಅವನು ಕ್ರಿನ್ಯೊಳನ್ನು ಕಲ್ಲುಕಟ್ಟೆಗೆ ಇಳಿಸಿ, ಬ್ರೆಡ್ಡು, ಸೀಮೆಎಣ್ಣೆ, ಮಂಡಿಗೆ ಹಚ್ಚುವ ಮುಲಾಮು ಇದ್ದ ಚೀಲವನ್ನು ಅವಳ ಕೈಗೆ ಕೊಟ್ಟು, ತಾನು ಕೋಟಿನ ಕಾಲರು ಎತ್ತಿಕೊಂಡು ದೋಣಿಯಲ್ಲೇ ಕೂರುತ್ತಿದ್ದ. ಮೇಲೆ ಅಂಗಳದಿಂದ ಹೆಂಗಸರಿಬ್ಬರ ಮಾತು ಕೇಳಿಸುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಇಬ್ಬರೂ ಜೋರಾಗಿ ನಗುವರು. ಯಾವುದಕ್ಕೆ ನಗುತ್ತಾರೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕ್ರಿನ್ಯೊ ಇಳಿದು ಬಂದ ಮೇಲೆ ಅವನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.